ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಯಾರ ಜೊತೆ ಮಾತಾಡುವುದು? ಐದು ದಾರಿಗಳ ಹೋಲಿಕೆ

ಬಯಾಪ್ಸಿ ರಿಪೋರ್ಟು ಬಂದಿದೆ. ಆಪರೇಷನ್ ಮಾಡಿಸಬಹುದು, ರೇಡಿಯೇಷನ್ ಕೊಡಿಸಬಹುದು, ಸದ್ಯಕ್ಕೆ ನಿಗಾ ಇಟ್ಟು ಕಾಯಲೂಬಹುದು, ಯೋಚಿಸಿ ಹೇಳಿ ಎಂದಿದ್ದಾರೆ ಡಾಕ್ಟರು. ಎಷ್ಟೋ ಕಾಯಿಲೆಗಳಲ್ಲಿ ಡಾಕ್ಟರೇ ‘ಇದನ್ನು ಮಾಡಿಸಿ’ ಎಂದು ಹೇಳಿಬಿಡುತ್ತಾರೆ. ಇಲ್ಲಿ ಮಾತ್ರ ಆಯ್ಕೆ ರೋಗಿಯ ಕೈಗೇ ಬರುತ್ತದೆ, ಅದಕ್ಕೆ ಕಾರಣವೂ ಇದೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ ಕ್ಯಾನ್ಸರ್ ಪ್ರಾಸ್ಟೇಟ್ ಗ್ರಂಥಿಯೊಳಗೇ ಇದ್ದ 1,643 ಗಂಡಸರನ್ನು ನಿಗಾ, ಆಪರೇಷನ್, ರೇಡಿಯೇಷನ್ ಎಂದು ಮೂರು ಪಾಲು ಮಾಡಿ ಸುಮಾರು 15 ವರ್ಷ ಗಮನಿಸಿದರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಕೊಂಡವರು 45 ಜನ, ಅಂದರೆ ಶೇ 2.7. ಮೂರು ಪಾಲಿನಲ್ಲೂ ಈ ಪ್ರಮಾಣ ಹೆಚ್ಚುಕಡಿಮೆ ಒಂದೇ. ನಿಗಾದಲ್ಲಿದ್ದವರಲ್ಲಿ ಕ್ಯಾನ್ಸರ್ ಬೇರೆ ಕಡೆಗೆ ಹರಡಿದ್ದು ಶೇ 9.4, ಉಳಿದ ಎರಡು ಪಾಲಿನಲ್ಲಿ ಶೇ 5ರ ಆಸುಪಾಸು.

ಹಾಗಾಗಿ ಬೇಗ ಪತ್ತೆಯಾದ, ಕಡಿಮೆ ಅಥವಾ ಮಧ್ಯಮ ಅಪಾಯದ ಕ್ಯಾನ್ಸರಿನಲ್ಲಿ ತೀರ್ಮಾನದ ಬಹುಪಾಲು ನಿಲ್ಲುವುದು ಬದುಕು ಹೇಗಿರುತ್ತದೆ ಎಂಬುದರ ಮೇಲೆ. ಮೂತ್ರ ಸೋರುತ್ತದೆಯೇ, ನಿಮಿರುವಿಕೆ ಉಳಿಯುತ್ತದೆಯೇ, ಮಲ ಹಿಡಿದಿಟ್ಟುಕೊಳ್ಳಲು ಆಗುತ್ತದೆಯೇ, ಒಳಗೆ ಕ್ಯಾನ್ಸರ್ ಇಟ್ಟುಕೊಂಡು ನಿದ್ದೆ ಬರುತ್ತದೆಯೇ? ಇವುಗಳ ಶೇಕಡಾವಾರು ಲೆಕ್ಕ ಡಾಕ್ಟರ ಹತ್ತಿರ ಸಿಗುತ್ತದೆ. ಇವುಗಳ ಜೊತೆ ದಿನ ದೂಡುವುದು ಹೇಗೆಂದು ಹೇಳಬಲ್ಲವರು ಅನುಭವಿಸಿದವರು ಮಾತ್ರ. ಕ್ಯಾನ್ಸರ್ ಹರಡಿದವರಿಗೆ, ಗಂಡು ಹಾರ್ಮೋನನ್ನು ತಗ್ಗಿಸುವ ಹಾರ್ಮೋನ್ ಚಿಕಿತ್ಸೆ ವರ್ಷಗಟ್ಟಲೆ ನಡೆಯಬೇಕಾದವರಿಗೆ ಇದರ ಅಗತ್ಯ ಇನ್ನೂ ಹೆಚ್ಚು.

ಯಾರನ್ನು ಹುಡುಕುವ ಮೊದಲೂ ಡಾಕ್ಟರಿಗೆ ಕೇಳಬೇಕಾದ ಒಂದು ಪ್ರಶ್ನೆ ಇದೆ: ‘ತೀರ್ಮಾನಕ್ಕೆ ನಾನು ಎಷ್ಟು ದಿನ ತೆಗೆದುಕೊಂಡರೆ ತೊಂದರೆಯಿಲ್ಲ?’ ಕಡಿಮೆ ಅಪಾಯದ ಕ್ಯಾನ್ಸರಾದರೆ ಸಾಮಾನ್ಯವಾಗಿ ವಾರಗಳು, ಕೆಲವು ತಿಂಗಳುಗಳೂ ಸಿಗುತ್ತವೆ. ಹೆಚ್ಚು ಅಪಾಯದ್ದಾದರೆ ಅಷ್ಟು ಬಿಡುವಿರುವುದಿಲ್ಲ. ಈ ಉತ್ತರ ಕೈಯಲ್ಲಿದ್ದರೆ ತಿಂಗಳಿಗೊಮ್ಮೆ ಸೇರುವ ಗುಂಪಿಗಾಗಿ ಕಾಯಬಹುದೇ, ಈ ವಾರವೇ ಒಬ್ಬರಿಗೆ ಫೋನ್ ಮಾಡಬೇಕೇ ಎಂಬುದು ತಾನಾಗಿಯೇ ಇತ್ಯರ್ಥವಾಗುತ್ತದೆ.

ಯಾವುದನ್ನು ನೋಡಿ ಆರಿಸುವುದು

ಮೊದಲನೆಯದು ಹೋಲಿಕೆ. ಎದುರಿಗಿರುವವರ ಕಾಯಿಲೆಗೂ ನಿಮ್ಮದಕ್ಕೂ ಸಾಮ್ಯವಿದೆಯೇ? ‘ನನಗೂ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು’ ಎಂಬ ಒಂದು ಮಾತು ಇದಕ್ಕೆ ಸಾಲದು. ಕ್ಯಾನ್ಸರ್ ಎಷ್ಟು ಉಗ್ರವೆಂದು ಬಯಾಪ್ಸಿ ನೋಡಿ ಕೊಡುವ ಗ್ಲೀಸನ್ ಅಂಕ (ಎರಡು ಅಂಕೆಗಳ ಮೊತ್ತ) 6 ಇರುವವರು ಗ್ರೇಡ್ ಗ್ರೂಪ್ 1ಕ್ಕೆ, 9 ಅಥವಾ 10 ಇರುವವರು ಗ್ರೂಪ್ 5ಕ್ಕೆ ಸೇರುತ್ತಾರೆ, ಇವರಿಬ್ಬರ ದಾರಿ ಎಲ್ಲಿಯೂ ಕೂಡುವುದಿಲ್ಲ. ಅಂಕ ಒಂದೇ ಇದ್ದಾಗಲೂ ವ್ಯತ್ಯಾಸವಿರಬಹುದು: 3+4 ಆದರೆ ಗ್ರೂಪ್ 2, 4+3 ಆದರೆ ಗ್ರೂಪ್ 3, ಎರಡರ ಮೊತ್ತವೂ 7. ಆದ್ದರಿಂದ ಯಾರೊಂದಿಗೆ ಮಾತಾಡುವ ಮೊದಲೂ ಅರ್ಧ ಪುಟದ ಒಂದು ಚೀಟಿ ಬರೆದಿಟ್ಟುಕೊಳ್ಳಿ. ವಯಸ್ಸು, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂಬ ಪರೀಕ್ಷೆ) ಮತ್ತು ಅದನ್ನು ಮಾಡಿಸಿದ ತಾರೀಖು, ಗ್ಲೀಸನ್ ಎರಡು ಅಂಕೆಗಳ ಸಮೇತ, ಗ್ರೇಡ್ ಗ್ರೂಪ್, ಬಯಾಪ್ಸಿಯ ಎಷ್ಟು ತುಣುಕುಗಳಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಸಿಕ್ಕಿತು, ಸ್ಟೇಜ್, ಸ್ಕ್ಯಾನ್‌ನಲ್ಲಿ ಏನು ಕಂಡಿತು, ಬೇರೆ ಕಾಯಿಲೆಗಳು, ಡಾಕ್ಟರು ಮುಂದಿಟ್ಟ ಆಯ್ಕೆಗಳು. ಇಷ್ಟಿದ್ದರೆ ಎದುರಿಗಿರುವವರು ‘ನನ್ನ ಅನುಭವ ನಿಮಗೆ ಹೊಂದುತ್ತದೆ’ ಅಥವಾ ‘ಹೊಂದುವುದಿಲ್ಲ, ಇನ್ನೊಬ್ಬರನ್ನು ತೋರಿಸುತ್ತೇನೆ’ ಎಂದು ಎರಡು ನಿಮಿಷದಲ್ಲಿ ಹೇಳಬಲ್ಲರು.

ಎರಡನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ: ಅವರ ಚಿಕಿತ್ಸೆ ಮುಗಿದು ಎಷ್ಟು ಕಾಲವಾಯಿತು? ಅದೇ ಪ್ರೊಟೆಕ್ಟ್ ಅಧ್ಯಯನದಲ್ಲಿ ಆಪರೇಷನ್ ಪಾಲಿನವರಲ್ಲಿ ಆರು ತಿಂಗಳ ಹೊತ್ತಿಗೆ ಮೂತ್ರ ಸೋರುವುದಕ್ಕೆ ಪ್ಯಾಡ್ ಬಳಸುತ್ತಿದ್ದವರು ಶೇ 46, ಆರು ವರ್ಷದ ಹೊತ್ತಿಗೆ ಶೇ 17. ಆರನೇ ತಿಂಗಳಲ್ಲಿ ಸಿಕ್ಕವರು ‘ಆಪರೇಷನ್ ಮಾಡಿಸಲೇಬೇಡಿ’ ಎನ್ನಬಹುದು, ಅವರೇ ಆರನೇ ವರ್ಷದಲ್ಲಿ ‘ಏನೂ ಆಗುವುದಿಲ್ಲ, ಮಾಡಿಸಿಕೊಳ್ಳಿ’ ಎನ್ನಬಹುದು. ಎರಡೂ ಸುಳ್ಳಲ್ಲ, ಆದರೆ ಒಂದೊಂದೇ ಕೇಳಿದರೆ ದಾರಿ ತಪ್ಪುತ್ತದೆ. ರೇಡಿಯೇಷನ್‌ನಲ್ಲಿ ಇದು ಉಲ್ಟಾ ಆಗಬಹುದು. ಶುರುವಿನ ಉರಿ, ಸುಸ್ತು ಇಳಿದು ಹಾಯಾಗಿದ್ದವರಿಗೆ ವರ್ಷಗಳ ನಂತರ ಮಲದಲ್ಲಿ ರಕ್ತವೋ ಮೂತ್ರದ ತೊಂದರೆಯೋ ಕಾಣಿಸಿಕೊಳ್ಳುವುದುಂಟು. ನಿಮಗಿಂತ ಆರು ತಿಂಗಳಿಂದ ಎರಡು ವರ್ಷ ಮುಂದಿರುವವರು ಒಬ್ಬರು, ಐದು ವರ್ಷ ದಾಟಿದವರು ಒಬ್ಬರು ಸಿಕ್ಕರೆ ಚಿತ್ರ ಪೂರ್ತಿಯಾಗುತ್ತದೆ.

ಮೂರನೆಯದು ಉಸ್ತುವಾರಿ. ಮಾತುಕತೆಯನ್ನು ಯಾರು ನಡೆಸುತ್ತಾರೆ, ಅವರಿಗೆ ತರಬೇತಿ ಆಗಿದೆಯೇ, ತಪ್ಪು ಮಾಹಿತಿ ಬಂದರೆ ತಿದ್ದುವವರು ಇದ್ದಾರೆಯೇ, ಹಿಂದೆ ಯಾರ ದುಡ್ಡಿದೆ? ನಾಲ್ಕನೆಯದು ಗುಟ್ಟು: ನಿಮ್ಮ ಹೆಸರು, ನಂಬರು, ಕಾಯಿಲೆಯ ವಿವರ ಎಲ್ಲಿಯವರೆಗೆ ಹೋಗುತ್ತದೆ. ಆಮೇಲೆ ವೇಳೆ. ರಾತ್ರಿ ಎರಡಕ್ಕೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುವಾಗ ಬೇಕೇ, ತಿಂಗಳಿಗೊಮ್ಮೆ ಸಾಕೇ? ಕೊನೆಯದು ಖರ್ಚು. ಇಂಥ ಬೆಂಬಲ ಬಹುತೇಕ ಕಡೆ ಉಚಿತ. ಖರ್ಚಾಗುವುದು ಪ್ರಯಾಣ, ರಜೆ, ಇಂಟರ್‌ನೆಟ್ ಮತ್ತು ದೇಹದ ಶಕ್ತಿ. ಯಾರಾದರೂ ಸದಸ್ಯತ್ವಕ್ಕೆ ದೊಡ್ಡ ಮೊತ್ತ ಕೇಳಿದರೆ ಅಥವಾ ಎರಡನೇ ಮಾತಿಗೇ ಪುಡಿ, ಮಾತ್ರೆ, ಯಂತ್ರ ಕೊಳ್ಳಲು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಒಬ್ಬರೊಡನೆ ಒಬ್ಬರು

ಈಗಷ್ಟೇ ರಿಪೋರ್ಟು ಬಂದವರಿಗೆ ನಮ್ಮ ಮೊದಲ ಸಲಹೆ ಇದೇ. ಕ್ಯಾನ್ಸರ್ ಸಂಸ್ಥೆಗಳು, ಕೆಲವು ಆಸ್ಪತ್ರೆಗಳು ಇದೇ ಕಾಯಿಲೆ ಕಂಡ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಹೊಸಬರ ಜೊತೆ ಜೋಡಿ ಮಾಡಿಕೊಡುತ್ತವೆ. ನೀವು ಒಂದು ಫಾರಂ ತುಂಬುತ್ತೀರಿ ಅಥವಾ ಫೋನಿನಲ್ಲಿ ವಿವರ ಕೊಡುತ್ತೀರಿ. ಅವರು ವಯಸ್ಸು, ಚಿಕಿತ್ಸೆ, ಭಾಷೆ, ಮನೆಯ ಪರಿಸ್ಥಿತಿ ನೋಡಿ ಹೊಂದುವವರನ್ನು ಹುಡುಕುತ್ತಾರೆ. ಆಮೇಲೆ ಮಾತು ಬಹುತೇಕ ಫೋನಿನಲ್ಲೇ. ಮುಖ ತೋರಿಸಬೇಕಾಗಿಲ್ಲ ಎಂಬುದು ಗಂಡಸರಿಗೆ ದೊಡ್ಡ ಅನುಕೂಲ. ಹತ್ತು ಜನರ ನಡುವೆ ಬಾಯಿ ಬಿಡದವರೂ ಫೋನಿನಲ್ಲಿ ನಿಮಿರುವಿಕೆಯ ಬಗ್ಗೆ ಕೇಳುತ್ತಾರೆ.

ಇಲ್ಲಿ ಸಿಗುವ ಮಾಹಿತಿಯ ಸೂಕ್ಷ್ಮತೆ ಬೇರೆಲ್ಲೂ ಸಿಗುವುದಿಲ್ಲ. ಆಪರೇಷನ್ ಆದವರಿಗೆ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ನಳಿಗೆ) ಸಾಮಾನ್ಯವಾಗಿ ಒಂದರಿಂದ ಎರಡು ವಾರ ಇರುತ್ತದೆ. ಅದನ್ನು ತೆಗೆಸಲು ಹೋಗುವ ದಿನ ಚೀಲದಲ್ಲಿ ಎರಡು ಮೂರು ಪ್ಯಾಡು, ಬಿಗಿಯಾದ ಒಳಉಡುಪು, ಒಂದು ಜೊತೆ ಗಾಢ ಬಣ್ಣದ ಸಡಿಲ ಪ್ಯಾಂಟು ಇಟ್ಟುಕೊಂಡು ಹೋಗಬೇಕು ಎನ್ನುವುದು ಎಲ್ಲ ಡಿಸ್ಚಾರ್ಜ್ ಹಾಳೆಗಳಲ್ಲೂ ಬರೆದಿರುವುದಿಲ್ಲ. ಚಡ್ಡಿಯ ಇಲಾಸ್ಟಿಕ್ ಸಡಿಲವಿದ್ದರೆ ಪ್ಯಾಡು ಜಾರಿ ಪಕ್ಕದಿಂದ ಸೋರುತ್ತದೆ. ಬೆಳಿಗ್ಗೆ ಒಣಗಿದ್ದವರಿಗೆ ಸಂಜೆ ಸ್ನಾಯು ದಣಿದ ಮೇಲೆ ಸೋರುವುದು ಹೆಚ್ಚಾಗುತ್ತದೆ. ಕೂತಲ್ಲಿಂದ ಏಳುವಾಗ, ಕೆಮ್ಮುವಾಗ ಮೊದಲೇ ಬಿಗಿಹಿಡಿಯಲು ಕಲಿತರೆ ಅರ್ಧ ತಾಪತ್ರಯ ಕಡಿಮೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವನ್ನು ಆಪರೇಷನ್‌ಗೆ ಮೊದಲೇ ಕಲಿತುಕೊಳ್ಳಿ ಎಂದು ಫಿಸಿಯೋಥೆರಪಿಸ್ಟರೂ ಹೇಳುತ್ತಾರೆ. ಆದರೆ ‘ನಾನು ಮೊದಲೇ ಕಲಿತಿರಲಿಲ್ಲ, ಒದ್ದಾಡಿದೆ’ ಎಂದು ಒಬ್ಬರು ಹೇಳಿದಾಗ ಆ ಮಾತು ಮನಸ್ಸಿಗೆ ನಾಟುತ್ತದೆ.

ಕೇಳಬೇಕಾದ್ದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಗ್ರೇಡ್ ಗ್ರೂಪ್ ಎಷ್ಟಿತ್ತು, ಯಾವ ವರ್ಷ ಚಿಕಿತ್ಸೆ ಆಯಿತು, ಇನ್ಯಾವ ಆಯ್ಕೆಗಳಿದ್ದವು, ಯಾಕೆ ಬಿಟ್ಟಿರಿ, ಕೆಲಸಕ್ಕೆ ಯಾವಾಗ ಮರಳಿದಿರಿ, ಈಗ ದಿನಕ್ಕೆ ಎಷ್ಟು ಪ್ಯಾಡು, ಹೆಂಡತಿಗೆ ಏನು ಹೇಳಿದಿರಿ, ಯಾವುದು ಯಾರೂ ಹೇಳಿರದ ಸಂಗತಿಯಾಗಿತ್ತು. ‘ನಾನು ಏನು ಮಾಡಲಿ?’ ಎಂದು ಮಾತ್ರ ಕೇಳಬೇಡಿ. ಒಳ್ಳೆಯ ಸ್ವಯಂಸೇವಕರು ಅದಕ್ಕೆ ಉತ್ತರ ಕೊಡುವುದಿಲ್ಲ. ಕೊಡುವವರು ತಾವು ಮಾಡಿಸಿದ್ದನ್ನೇ ಹೇಳುತ್ತಾರೆ.

ಈ ದಾರಿಯ ದೊಡ್ಡ ಕುಂದು ಅದೇ. ಒಬ್ಬರ ಅನುಭವ ಒಬ್ಬರದ್ದು ಮಾತ್ರ. ಮನುಷ್ಯ ತಾನು ಮಾಡಿದ ಆಯ್ಕೆ ಸರಿಯಾಗಿತ್ತೆಂದು ನಂಬಲು ಬಯಸುತ್ತಾನೆ, ಆ ನಂಬಿಕೆ ಮಾತಿನಲ್ಲಿ ಇಣುಕಿಯೇ ಇಣುಕುತ್ತದೆ. ಆದ್ದರಿಂದ ಎರಡು ಚಿಕಿತ್ಸೆಗಳ ನಡುವೆ ತೂಗುತ್ತಿರುವವರು ಎರಡೂ ಕಡೆಯ ಒಬ್ಬೊಬ್ಬರನ್ನು ಕೇಳಿ ಪಡೆಯಬೇಕು. ನಿಗಾ ಕೂಡ ಒಂದು ಆಯ್ಕೆಯಾಗಿದ್ದರೆ ನಿಗಾದಲ್ಲಿರುವವರನ್ನೂ. ಜೋಡಿ ಹೊಂದದಿದ್ದರೆ ಸಂಕೋಚವಿಲ್ಲದೆ ಸಂಸ್ಥೆಗೆ ತಿಳಿಸಿ ಬದಲಾಯಿಸಿಕೊಳ್ಳಿ. ಅವರಿಗೆ ಇದು ಮಾಮೂಲು. ಜೋಡಿ ಸಿಗಲು ಕೆಲವು ದಿನಗಳಿಂದ ಒಂದೆರಡು ವಾರ ಹಿಡಿಯಬಹುದು, ಅಪರೂಪದ ಪರಿಸ್ಥಿತಿಯಾದರೆ ಇನ್ನೂ ತಡವಾಗಬಹುದು. ಇನ್ನೊಂದು ಸೂಕ್ಷ್ಮ: ತಿಂಗಳುಗಟ್ಟಲೆ ಮಾತಾಡಿದವರಿಗೆ ಕ್ಯಾನ್ಸರ್ ಮರುಕಳಿಸಿದರೆ ಆ ಸುದ್ದಿ ನಿಮ್ಮದೇ ರಿಪೋರ್ಟಿನಂತೆ ಎರಗುತ್ತದೆ. ಸಂಸ್ಥೆಯ ಮೂಲಕ ಜೋಡಿಯಾಗಿದ್ದರೆ ಆಗ ಮಾತಾಡಲು ಇನ್ನೊಬ್ಬರು ಸಿಗುತ್ತಾರೆ, ಖಾಸಗಿ ಪರಿಚಯವಾದರೆ ಸಿಗುವುದಿಲ್ಲ.

ಎದುರುಬದುರು ಕೂರುವ ಗುಂಪು

ಇದರಲ್ಲಿ ಎರಡು ಬಗೆ. ಆಸ್ಪತ್ರೆಯವರೇ ನಡೆಸುವುದು, ರೋಗಿಗಳೇ ಕಟ್ಟಿಕೊಂಡದ್ದು. ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಒಂದೂವರೆ ಎರಡು ಗಂಟೆ. ಮೊದಲರ್ಧ ಯಾರಾದರೂ ತಜ್ಞರ ಮಾತು, ಆಮೇಲೆ ಸುತ್ತ ಕೂತು ಹಂಚಿಕೊಳ್ಳುವುದು.

ಆಸ್ಪತ್ರೆಯ ಗುಂಪಿನಲ್ಲಿ ನರ್ಸೋ ಆಪ್ತಸಮಾಲೋಚಕರೋ ಇರುತ್ತಾರೆ, ತಪ್ಪು ಮಾತು ಬಂದರೆ ಅಲ್ಲೇ ತಿದ್ದುತ್ತಾರೆ. ಆದರೆ ಅದೇ ಆಸ್ಪತ್ರೆಯ ಚಿಕಿತ್ಸೆಯ ಬಗ್ಗೆ ಅಸಮಾಧಾನ ಇದ್ದವರು ಬಾಯಿ ಬಿಡಲು ಹಿಂಜರಿಯುತ್ತಾರೆ, ಆ ಆಸ್ಪತ್ರೆಯಲ್ಲಿ ಇಲ್ಲದ ಚಿಕಿತ್ಸೆಯ ಮಾತು ಅಷ್ಟಾಗಿ ಬರುವುದೂ ಇಲ್ಲ. ರೋಗಿಗಳದೇ ಗುಂಪಿನಲ್ಲಿ ಮಾತು ಬಿಚ್ಚುಮನಸ್ಸಿನದು. ಯಾವ ಆಸ್ಪತ್ರೆಯಲ್ಲಿ ಕಾಯಿಸುತ್ತಾರೆ, ಯಾವ ಡಾಕ್ಟರು ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸುತ್ತಾರೆ ಎಂಬುದೆಲ್ಲ ಗೊತ್ತಾಗುತ್ತದೆ. ಅಲ್ಲಿ ಎಲ್ಲವೂ ನಡೆಸುವವರ ಸಾಮರ್ಥ್ಯದ ಮೇಲೆ ನಿಂತಿದೆ. ಒಬ್ಬರೇ ಮುಕ್ಕಾಲು ಗಂಟೆ ಮಾತಾಡಿದರೂ ತಡೆಯುವವರಿಲ್ಲದ ಗುಂಪಿನಿಂದ ಹೊಸಬರಿಗೆ ತಲೆನೋವು ಬಿಟ್ಟರೆ ಇನ್ನೇನೂ ಸಿಗದು.

ಗುಂಪಿನ ನಿಜವಾದ ಬೆಲೆ ಇರುವುದು ಸಂಖ್ಯೆಯಲ್ಲಿ. ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಬಗೆಯ ಫಲಿತಾಂಶಗಳನ್ನು ಕಣ್ಣಾರೆ ಕಂಡರೆ, ‘ಇದಾದ ಮೇಲೂ ಜನ ನಗುತ್ತಾರೆ, ಓಡಾಡುತ್ತಾರೆ’ ಎಂಬುದು ಯಾರೂ ಹೇಳದೆಯೇ ಮನವರಿಕೆಯಾಗುತ್ತದೆ. ಒಂಟಿಯಾಗಿ ಬದುಕುವವರಿಗೆ, ಕೆಲಸದಿಂದ ನಿವೃತ್ತರಾದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಚಿಕಿತ್ಸೆ ಮುಗಿದ ಮೇಲಿನ ಮೊದಲ ವರ್ಷಕ್ಕೂ ಗುಂಪು ಚೆನ್ನಾಗಿ ಹೊಂದುತ್ತದೆ. ಆಸ್ಪತ್ರೆಯ ಓಡಾಟ ನಿಂತು, ಮನೆಯವರೆಲ್ಲ ‘ಗುಣವಾಯಿತಲ್ಲ’ ಎಂದುಕೊಂಡು ತಮ್ಮ ಪಾಡಿಗೆ ಹೋದ ಮೇಲೆಯೇ ಎಷ್ಟೋ ಗಂಡಸರು ಒಳಗೊಳಗೆ ಕುಸಿಯುವುದು.

ಹೋಗುವ ಮೊದಲು ನಡೆಸುವವರಿಗೆ ಫೋನ್ ಮಾಡಿ. ಎಷ್ಟು ಜನ ಬರುತ್ತಾರೆ, ಅವರಲ್ಲಿ ನನ್ನ ಹಂತದವರು ಎಷ್ಟು, ಸುಮ್ಮನೆ ಕೂತು ಕೇಳಬಹುದೇ, ಹೆಂಡತಿಯನ್ನು ಕರೆತರಬಹುದೇ, ಶೌಚಾಲಯ ಕೋಣೆಗೆ ಹತ್ತಿರವಿದೆಯೇ, ಔಷಧ ಕಂಪನಿಗಳು ಹಣ ಕೊಡುತ್ತವೆಯೇ? ಹಣ ಕೊಡುವುದೇ ತಪ್ಪೆಂದಲ್ಲ, ಆದರೆ ಅದನ್ನು ಮುಚ್ಚಿಡದೆ ಹೇಳುವ ಗುಂಪು ಒಳ್ಳೆಯದು. ಹೊಸಬರಿಗೆ ಒಂದು ಎಚ್ಚರಿಕೆ: ಎಲ್ಲ ಹಂತದವರೂ ಸೇರುವ ಗುಂಪಿನಲ್ಲಿ ಮೂಳೆಗೆ ಹರಡಿದವರ ಮಾತು ಕೇಳಿ ಗ್ರೇಡ್ ಗ್ರೂಪ್ 1ರವರು ನಡುಗಿಹೋಗುತ್ತಾರೆ. ಇತ್ತ ಹರಡಿದವರಿಗೆ, ನಿಗಾದಲ್ಲಿರುವವರ ಪಿಎಸ್‌ಎ ಚಿಂತೆ ಕೇಳಿ ತಾವು ಬೇರೆ ಲೋಕದವರು ಅನಿಸುತ್ತದೆ. ಇಬ್ಬರಿಗೂ ಅನ್ಯಾಯ. ಹಂತಕ್ಕೆ ತಕ್ಕಂತೆ ಬೇರೆ ಬೇರೆ ಕೂರಿಸುವ ಗುಂಪನ್ನು ಹುಡುಕಿ.

ವಿಡಿಯೋ ಗುಂಪು

ಹತ್ತಿರದಲ್ಲಿ ಗುಂಪಿಲ್ಲದವರಿಗೆ, ಓಡಾಡುವ ತ್ರಾಣವಿಲ್ಲದವರಿಗೆ ಅನುಕೂಲ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕಿಂತ ಮುಖ್ಯವಾದ ಲಾಭ ಇನ್ನೊಂದಿದೆ. ದೂರ ದೂರದವರನ್ನು ಸೇರಿಸಬಹುದಾದ್ದರಿಂದ ಒಂದೇ ಬಗೆಯವರ ಗುಂಪು ಕಟ್ಟಲು ಸಾಧ್ಯ: ನಿಗಾದಲ್ಲಿರುವವರದ್ದು, ಐವತ್ತೈದರ ಒಳಗಿನವರದ್ದು, ಹಾರ್ಮೋನ್ ಚಿಕಿತ್ಸೆಯವರದ್ದು, ಹರಡಿದವರದ್ದು, ಕ್ಯಾನ್ಸರ್ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್‌ನ ದೋಷ ಇರುವವರದ್ದು, ಸಲಿಂಗಿ ಗಂಡಸರದ್ದು. ಒಂದು ಊರಿನಲ್ಲಿ ಇಂಥವರು ಇಬ್ಬರೋ ಮೂವರೋ ಸಿಕ್ಕರೆ ಹೆಚ್ಚು. ಸಲಿಂಗಿಗಳಿಗಂತೂ ಮಾಮೂಲಿ ಗುಂಪಿನಲ್ಲಿ ‘ನಿಮ್ಮ ಹೆಂಡತಿ ಏನಂತಾರೆ?’ ಎಂಬ ಪ್ರಶ್ನೆಯೇ ಬಾಗಿಲು ಮುಚ್ಚಿಬಿಡುತ್ತದೆ. ಅವರ ಲೈಂಗಿಕ ಬದುಕಿನ ಪ್ರಶ್ನೆಗಳೂ ಬೇರೆ.

ಹಾರ್ಮೋನ್ ಚಿಕಿತ್ಸೆ ಪಡೆಯುವವರು ಇಂಥ ಗುಂಪನ್ನು ಹುಡುಕುವ ಶ್ರಮ ತೆಗೆದುಕೊಳ್ಳಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಮೈ ಬಿಸಿಯೇರಿ ಬೆವರುವುದು, ಕಾಮಾಸಕ್ತಿ ಪೂರ್ತಿ ಇಳಿಯುವುದು, ಹೊಟ್ಟೆ ಬರುವುದು, ಮಾಂಸಖಂಡ ಕರಗುವುದು, ಮೂಳೆ ಸವೆಯುವುದು, ಸಣ್ಣ ಮಾತಿಗೂ ಕಣ್ಣೀರು ಬರುವುದು, ಇವೆಲ್ಲ ಔಷಧದ ಪರಿಣಾಮ. ಅದನ್ನು ತಿಳಿಯದವರು ತಮ್ಮ ಗಟ್ಟಿತನವೇ ಹೋಯಿತೆಂದು ಕೊರಗುತ್ತಾರೆ. ಅದೇ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವ ಆರು ಜನ ‘ನನಗೂ ಹೀಗೇ’ ಎಂದಾಗ ಆಗುವ ಹಗುರ ಸಣ್ಣದಲ್ಲ. ಭಾರ ಎತ್ತುವ ವ್ಯಾಯಾಮವನ್ನು ಡಾಕ್ಟರನ್ನು ಕೇಳಿ ಶುರುಮಾಡಿ, ಮೂಳೆ ಸಾಂದ್ರತೆಯ ಸ್ಕ್ಯಾನ್ ಬಗ್ಗೆ ವಿಚಾರಿಸಿ ಎಂಬಂಥ ನೆನಪೋಲೆಗಳೂ ಅಲ್ಲಿ ಸಿಗುತ್ತವೆ.

ಕೊರತೆಗಳು ಸರಳ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಜಾಗ ಬೇಕು, ಇಯರ್‌ಫೋನ್ ಬೇಕು. ಕಿವಿ ಮಂದವಿರುವವರಿಗೆ ಕಷ್ಟ. ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಆಡುವ ಐದು ನಿಮಿಷದ ಮಾತು ಇಲ್ಲಿಲ್ಲ, ಎಷ್ಟೋ ಸಲ ಅದೇ ಮುಖ್ಯ ಮಾತಾಗಿರುತ್ತದೆ. ಸಭೆಯನ್ನು ರೆಕಾರ್ಡ್ ಮಾಡುತ್ತಾರೆಯೇ ಎಂದು ಮೊದಲೇ ಕೇಳಿ. ಪರದೆಯ ಮೇಲೆ ಕಾಣುವ ಹೆಸರನ್ನು ಬದಲಿಸಿಕೊಳ್ಳಬಹುದು, ಕ್ಯಾಮೆರಾ ಆಫ್ ಮಾಡಿ ಕೂರಲು ಬಹಳ ಗುಂಪುಗಳು ಬಿಡುತ್ತವೆ.

ಬರೆದು ಮಾತಾಡುವ ಗುಂಪುಗಳು: ವಾಟ್ಸ್‌ಆ್ಯಪ್, ಫೇಸ್‌ಬುಕ್, ವೇದಿಕೆಗಳು

ರಾತ್ರಿ ಎರಡಕ್ಕೂ ತೆರೆದಿರುವ ಬಾಗಿಲು ಇದೊಂದೇ. ಖರ್ಚಿಲ್ಲ, ಕಾಯುವಿಕೆಯಿಲ್ಲ, ಮುಖವೂ ಬೇಕಿಲ್ಲ. ಅಪರೂಪದ ಔಷಧದ ಅಡ್ಡಪರಿಣಾಮ ಯಾರಿಗಾದರೂ ಆಗಿತ್ತೇ ಎಂದು ಕೇಳಿದರೆ ಗಂಟೆಯೊಳಗೆ ಉತ್ತರ ಬರುತ್ತದೆ. ಆದರೆ ಐದು ದಾರಿಗಳಲ್ಲಿ ಅತಿ ಎಚ್ಚರ ಬೇಡುವುದೂ ಇದೇ.

ಮುಖ್ಯ ತೊಡಕು, ಅಲ್ಲಿ ಉಳಿದುಕೊಳ್ಳುವವರು ಯಾರು ಎಂಬುದು. ಚಿಕಿತ್ಸೆ ಚೆನ್ನಾಗಿ ಆದವರು ಕೆಲವು ತಿಂಗಳಲ್ಲಿ ಗುಂಪು ಬಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಸೋರಿಕೆ ನಿಲ್ಲದವರು, ಪಿಎಸ್‌ಎ ಮತ್ತೆ ಏರಿದವರು, ಕೋಪ ಆರದವರು ಉಳಿಯುತ್ತಾರೆ, ಬರೆಯುತ್ತಾರೆ. ಅವರು ಬರೆಯುವುದು ನಿಜವೇ. ಆದರೆ ಅದನ್ನೇ ಓದುತ್ತ ಕೂತರೆ ಎಲ್ಲರ ಗತಿಯೂ ಅದೇ ಎಂಬ ಭಾವನೆ ಬರುತ್ತದೆ.

ಇನ್ನೊಂದು ತೊಡಕು ಅಂಕಿಗಳ ಹೋಲಿಕೆ. ಒಬ್ಬರ ಪಿಎಸ್‌ಎಯನ್ನು ಇನ್ನೊಬ್ಬರದಕ್ಕೆ ಹೋಲಿಸುವ ಮೊದಲು ಇಬ್ಬರ ಚಿಕಿತ್ಸೆ ಯಾವುದೆಂದು ನೋಡಬೇಕು. ಆಪರೇಷನ್ ಆದವರಲ್ಲಿ ಪಿಎಸ್‌ಎ ಬಹುತೇಕ ಸೊನ್ನೆಗೆ ಇಳಿಯಬೇಕು. ಅದು ಮಿಲಿಲೀಟರಿಗೆ 0.2 ನ್ಯಾನೊಗ್ರಾಂ ಮುಟ್ಟಿ, ಮತ್ತೊಮ್ಮೆ ಮಾಡಿಸಿದಾಗಲೂ ಹಾಗೇ ಇದ್ದರೆ ಮರುಕಳಿಸಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ರೇಡಿಯೇಷನ್ ಆದವರಲ್ಲಿ ಗ್ರಂಥಿ ಒಳಗೇ ಇರುವುದರಿಂದ ಸೊನ್ನೆಯಾಗುವುದಿಲ್ಲ. ಅವರ ಅತಿ ಕಡಿಮೆ ಮಟ್ಟಕ್ಕಿಂತ 2 ನ್ಯಾನೊಗ್ರಾಂ ಏರಿದರೆ ಮಾತ್ರ ಆ ಲೆಕ್ಕ. ಮೇಲಾಗಿ ರೇಡಿಯೇಷನ್ ಆದ ಒಂದರಿಂದ ಮೂರು ವರ್ಷದೊಳಗೆ, ಅದರಲ್ಲೂ ಗ್ರಂಥಿಯೊಳಗೇ ವಿಕಿರಣ ಬೀಜಗಳನ್ನು ಇಟ್ಟವರಲ್ಲಿ, ಪಿಎಸ್‌ಎ ಒಮ್ಮೆ ಏರಿ ತಾನಾಗಿಯೇ ಇಳಿಯುವುದುಂಟು. ಇದು ತಿಳಿಯದೆ ಗುಂಪಿನಲ್ಲಿ ‘ನನ್ನದು 0.9 ಆಗಿದೆ’ ಎಂದು ಒಬ್ಬರು ಬರೆದರೆ, ಆಪರೇಷನ್ ಆದ ಇನ್ನೊಬ್ಬರು ‘ಕೂಡಲೇ ಸ್ಕ್ಯಾನ್ ಮಾಡಿಸಿ’ ಎಂದು ಗಾಬರಿ ಹುಟ್ಟಿಸುತ್ತಾರೆ. ಗ್ರಂಥಿ ಊತಕ್ಕೆ ಫಿನಾಸ್ಟೆರೈಡ್ ಅಥವಾ ಡ್ಯೂಟಾಸ್ಟೆರೈಡ್ ಮಾತ್ರೆಯನ್ನು ಕೆಲವು ತಿಂಗಳಿಂದ ನುಂಗುತ್ತಿರುವವರ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಅವರ ಅಂಕಿ ಇನ್ನೊಬ್ಬರದಕ್ಕೆ ಹೊಂದುವುದೇ ಇಲ್ಲ.

ಮೂರನೆಯದು ಔಷಧದ ಸಲಹೆಗಳು. ‘ವಿಟಮಿನ್ ತಾನೇ, ಏನಾಗುತ್ತದೆ’ ಎನ್ನುವವರಿಗೆ ಒಂದು ಉದಾಹರಣೆ ಸಾಕು. ಸೆಲೆಕ್ಟ್ ಎಂಬ ಅಧ್ಯಯನದಲ್ಲಿ 35,000ಕ್ಕೂ ಹೆಚ್ಚು ಆರೋಗ್ಯವಂತ ಗಂಡಸರನ್ನು ಗಮನಿಸಿದ್ದರು. ದಿನಕ್ಕೆ 400 ಯೂನಿಟ್ ವಿಟಮಿನ್ ಇ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಕಂಡಿತು ಎಂದು 2011ರಲ್ಲಿ ವರದಿಯಾಯಿತು. ತಡೆಯುತ್ತದೆಂದು ಕೊಟ್ಟದ್ದೇ ಹೆಚ್ಚಿಸಿತು. ಗುಂಪಿನಲ್ಲಿ ಯಾರೇ ಏನೇ ಹೇಳಿದರೂ ಅದನ್ನು ಬರೆದುಕೊಂಡು ಡಾಕ್ಟರ ಮುಂದಿಡಿ, ನೇರ ಬಾಯಿಗೆ ಹಾಕಿಕೊಳ್ಳಬೇಡಿ.

ಗುಟ್ಟಿನ ವಿಷಯದಲ್ಲಿ ಇವು ಒಂದೇ ತರಹದವಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದರೆ ನಿಮ್ಮ ಫೋನ್ ನಂಬರು ಸಾಮಾನ್ಯವಾಗಿ ಉಳಿದ ಸದಸ್ಯರಿಗೆ ಕಾಣುತ್ತದೆ, ಪ್ರೊಫೈಲ್ ಚಿತ್ರವೂ ಕಾಣಬಹುದು. ಔಷಧ ಮಾರುವವರು ಒಳಗೆ ನುಸುಳಿ ಖಾಸಗಿಯಾಗಿ ಮೆಸೇಜು ಕಳಿಸುವುದು ಹೀಗೆಯೇ. ಫೇಸ್‌ಬುಕ್ಕಿನ ಖಾಸಗಿ ಗುಂಪಿನಲ್ಲಿ ನಂಬರು ಕಾಣದು, ಆದರೆ ಹೆಸರು ಕಾಣುತ್ತದೆ, ಪರಿಚಯದವರೇ ಅಲ್ಲಿರಬಹುದು. ಅಡ್ಡಹೆಸರಿನಲ್ಲಿ ಬರೆಯುವ ವೇದಿಕೆಗಳು ಇದಕ್ಕಿಂತ ಸುರಕ್ಷಿತ. ಹಳೆಯ ಚರ್ಚೆಗಳನ್ನು ಹುಡುಕಿ ಓದಲೂ ಬರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಮೊನ್ನೆಯ ಮಾತೇ ಕೈಗೆ ಸಿಗುವುದಿಲ್ಲ. ಎಲ್ಲೇ ಆದರೂ ರಿಪೋರ್ಟಿನ ಫೋಟೋ ಹಾಕುವ ಮೊದಲು ಹೆಸರು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಹುಟ್ಟಿದ ದಿನ, ಬಾರ್‌ಕೋಡ್ ಅಳಿಸಿ. ಅದಕ್ಕಿಂತ, ಅಂಕಿಗಳನ್ನು ಕೈಯಲ್ಲೇ ಟೈಪ್ ಮಾಡುವುದು ಉತ್ತಮ.

ಸೇರಿದ ಮೊದಲ ವಾರ ಏನೂ ಬರೆಯದೆ ಓದಿ. ತಪ್ಪು ಹೇಳಿದವರನ್ನು ಅಡ್ಮಿನ್ ತಿದ್ದುತ್ತಾರೆಯೇ, ‘ಡಾಕ್ಟರನ್ನು ಕೇಳಿ’ ಎಂಬ ಮಾತು ಬರುತ್ತದೆಯೇ, ನಿಗಾ ಆರಿಸಿಕೊಂಡವರನ್ನು ಹೀಗಳೆಯುತ್ತಾರೆಯೇ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಮೆಸೇಜು ಬಂದಾಗಲೆಲ್ಲ ಸದ್ದಾಗುವುದನ್ನು ನಿಲ್ಲಿಸಿ, ದಿನದಲ್ಲಿ ಒಂದು ಹೊತ್ತು ಮಾತ್ರ ನೋಡಿ. ಪಿಎಸ್‌ಎ ರಿಪೋರ್ಟಿಗೆ ಕಾಯುವ ದಿನಗಳಲ್ಲಿ ಬಿಟ್ಟೇಬಿಡುವುದು ಒಳ್ಳೆಯದು.

ಪರಿಚಯದವರು

ನೆಂಟರಲ್ಲೊಬ್ಬರಿಗೆ, ಸ್ನೇಹಿತನ ಅಣ್ಣನಿಗೆ ಇದೇ ಆಗಿತ್ತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಗ ಸಿಗುವುದು, ಭಾಷೆ ಒಂದೇ ಇರುವುದು, ಮನೆಗೇ ಬಂದು ಕೂರುವುದು ಇದರ ಬಲ. ಆದರೆ ಹೋಲಿಕೆಯ ಅಳತೆಗೋಲಿನಲ್ಲಿ ಇದು ಹೆಚ್ಚಾಗಿ ಸೋಲುತ್ತದೆ. ಹದಿನೈದು ವರ್ಷದ ಹಿಂದಿನ ಚಿಕಿತ್ಸೆಗೂ ಇವತ್ತಿನದಕ್ಕೂ ಅಂತರವಿದೆ, ಎಷ್ಟೋ ಸಲ ಅವರಿಗಾಗಿದ್ದು ಕ್ಯಾನ್ಸರ್ ಅಲ್ಲದ ಗ್ರಂಥಿ ಊತವಾಗಿರುತ್ತದೆ. ನೀವು ಹೇಳಿಕೊಂಡದ್ದು ಮುಂದಿನ ಮದುವೆಮನೆಯ ಹೊತ್ತಿಗೆ ಎಲ್ಲರ ಬಾಯಲ್ಲಿ ಇರಬಹುದು. ಧೈರ್ಯಕ್ಕೆ ಇವರು ಸರಿ, ತೀರ್ಮಾನಕ್ಕೆ ಸಾಲದು.

ಹೆಂಡತಿ, ಮಕ್ಕಳು, ಸಂಗಾತಿ

ಸಂಗಾತಿಯ ಸಂಕಟ ರೋಗಿಯದಕ್ಕೆ ಸಮ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಮನೆಯವರ ಮುಂದೆ ಅಳಬಾರದೆಂದು ಇಬ್ಬರೂ ಬಿಗಿಹಿಡಿದು ಕೂತಿರುತ್ತಾರೆ. ಗಂಡನ ಜೊತೆಯಲ್ಲೇ ಗುಂಪಿಗೆ ಹೋದರೆ ಹೆಂಡತಿಗೆ ಚಿಕಿತ್ಸೆ ಅರ್ಥವಾಗುತ್ತದೆ, ಆದರೆ ಅವರ ಸ್ವಂತ ಪ್ರಶ್ನೆಗಳು ಹೊರಬರುವುದಿಲ್ಲ. ಗಂಡನ ಎದುರು ‘ನನಗೆ ಸುಸ್ತಾಗಿದೆ’ ಎನ್ನಲು, ಹಾಸಿಗೆಯ ಮಾತು ಎತ್ತಲು ಆಗುವುದಿಲ್ಲ. ಹಾಗಾಗಿ ಆರೈಕೆ ಮಾಡುವವರದ್ದೇ ಬೇರೆ ಗುಂಪು, ಅಥವಾ ಇದೇ ಪರಿಸ್ಥಿತಿ ದಾಟಿದ ಇನ್ನೊಬ್ಬ ಹೆಂಗಸಿನ ಜೊತೆ ಫೋನಿನ ಜೋಡಿ ಕೇಳಿ. ರೋಗಿ ಯಾರೊಡನೆಯೂ ಮಾತಾಡಲು ಒಪ್ಪದಿದ್ದರೂ ಮನೆಯವರು ತಮಗಾಗಿ ಹೋಗಬಹುದು, ಅದಕ್ಕೆ ಅವರ ಅಪ್ಪಣೆ ಬೇಕಿಲ್ಲ.

ಹುಡುಕುವುದು ಎಲ್ಲಿಂದ

ಮೊದಲು ಕೇಳಬೇಕಾದವರು ಯೂರಾಲಜಿ ಅಥವಾ ಕ್ಯಾನ್ಸರ್ ವಿಭಾಗದ ನರ್ಸು, ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ರೇಡಿಯೇಷನ್ ವಿಭಾಗದ ಸಿಬ್ಬಂದಿ. ಡಾಕ್ಟರಿಗೆ ಗುಂಪುಗಳ ವಿಳಾಸ ಗೊತ್ತಿಲ್ಲದಿರಬಹುದು, ನರ್ಸಿಗೆ ಗೊತ್ತಿರುತ್ತದೆ. ‘ಇದೇ ಚಿಕಿತ್ಸೆ ಆದ, ಮಾತಾಡಲು ಒಪ್ಪುವ ಒಬ್ಬರನ್ನು ಕೇಳಿ ನೋಡುತ್ತೀರಾ? ನನ್ನ ನಂಬರನ್ನು ಅವರಿಗೆ ಕೊಡಬಹುದು’ ಎಂದು ಹೇಳಿ. ಹೀಗೆ ಕೇಳಿದರೆ ಆಸ್ಪತ್ರೆ ಇನ್ನೊಬ್ಬ ರೋಗಿಯ ಗುಟ್ಟು ಬಿಟ್ಟುಕೊಡಬೇಕಾಗುವುದಿಲ್ಲ, ಕೆಲಸ ಸುಲಭವಾಗುತ್ತದೆ. ಆಮೇಲೆ ಕ್ಯಾನ್ಸರ್ ಸಹಾಯವಾಣಿಗಳು, ರೋಗಿಗಳ ಸಂಘಗಳು. ಹಳೆಯ ಕರಪತ್ರ, ಹಳೆಯ ಕೊಂಡಿಗಳನ್ನು ನಂಬಿ ಕೂರಬೇಡಿ, ಸಂಘಗಳು ಮುಚ್ಚುತ್ತವೆ, ಒಂದಾಗುತ್ತವೆ. 1990ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಬಹಳ ಹೆಸರು ಮಾಡಿದ್ದ ‘ಅಸ್ ಟೂ’ ಕೂಡ 2021ರಲ್ಲಿ ‘ಜೀರೋ’ ಎಂಬ ಸಂಸ್ಥೆಯೊಳಗೆ ಸೇರಿತು. ಗುಂಪು ಈಗಲೂ ನಡೆಯುತ್ತಿದೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಂಡೇ ಹೊರಡಿ.

ಯಾರಿಗೆ ಯಾವುದು

ಎರಡು ಚಿಕಿತ್ಸೆಗಳ ನಡುವೆ ತೂಗುತ್ತಿದ್ದು ಎರಡು ವಾರದಲ್ಲಿ ಹೇಳಬೇಕಾದವರಿಗೆ: ಫೋನಿನ ಜೋಡಿ, ಎರಡೂ ಕಡೆಯ ಒಬ್ಬೊಬ್ಬರು. ಗುಂಪಿಗೆ ಕಾಯಬೇಡಿ. ನಿಗಾ ಆರಿಸಿಕೊಂಡವರಿಗೆ: ನಿಗಾದವರದ್ದೇ ವಿಡಿಯೋ ಗುಂಪು. ಏಕೆಂದರೆ ಅವರ ಚಿಂತೆ ವರ್ಷಗಟ್ಟಲೆಯದು, ಪ್ರತಿ ಪಿಎಸ್‌ಎಗೂ ಮರುಕಳಿಸುವುದು. ‘ಇನ್ನೂ ಏನೂ ಮಾಡಿಸಿಲ್ಲವೇ?’ ಎನ್ನುವ ನೆಂಟರ ನಡುವೆ ಗಟ್ಟಿಯಾಗಿ ನಿಲ್ಲಲು ಜೊತೆ ಬೇಕು. ಆಪರೇಷನ್ ದಿನ ಗೊತ್ತಾದವರಿಗೆ ಈಚೆಗೆ ಮಾಡಿಸಿಕೊಂಡ ಒಬ್ಬರ ಫೋನ್, ಆಮೇಲಿನ ವರ್ಷಕ್ಕೆ ಎದುರುಬದುರಿನ ಗುಂಪು. ಹರಡಿದವರಿಗೆ ಅದೇ ಹಂತದವರ ಗುಂಪು, ಜೊತೆಗೆ ನೋವು ನಿವಾರಣೆ ಮತ್ತು ಉಪಶಮನ ಆರೈಕೆಯ ತಂಡದ ಪರಿಚಯ. ಮಾತೇ ಬೇಡ ಎನ್ನುವವರು ಅಡ್ಡಹೆಸರಿನ ವೇದಿಕೆಯಲ್ಲಿ ಓದುತ್ತಲೇ ಇರಬಹುದು, ಅದೂ ಲೆಕ್ಕಕ್ಕೆ ಬರುತ್ತದೆ. ಕೆಲಸಕ್ಕೆ ಹೋಗುವವರು ರಜೆ ಹಾಕಿ ಗುಂಪಿಗೆ ಓಡುವ ಬದಲು ಸಂಜೆಯ ವಿಡಿಯೋ ಗುಂಪು ನೋಡುವುದು ಮೇಲು.

ಯಾವುದೇ ಆಗಲಿ, ಮೂರು ಸಲ ಕೊಟ್ಟು ನೋಡಿ. ಮೊದಲ ಸಲ ಭಾರವಾಗುವುದು ಸಹಜ. ಮೂರನೇ ಸಲವೂ ಹಿಂದಿರುಗುವಾಗ ಹೋಗುವಾಗಿನದಕ್ಕಿಂತ ಭಯ ಹೆಚ್ಚಿದ್ದರೆ ಬಿಟ್ಟು ಬೇರೆಯದು ಹಿಡಿಯಿರಿ. ವಿವರಣೆ ಕೊಡಬೇಕಾಗಿಲ್ಲ, ‘ಸದ್ಯಕ್ಕೆ ಬರಲಾಗುತ್ತಿಲ್ಲ’ ಎಂದರೆ ಸಾಕು.

ಅನುಭವಸ್ಥರಿಗೆ, ಗುಂಪುಗಳಿಗೆ ಬಿಡಬಾರದ ಸಂಗತಿಗಳು

ಮೂಳೆಗೆ ಹರಡಿದವರಲ್ಲಿ ಹೊಸದಾಗಿ ಬೆನ್ನುನೋವು ಹೆಚ್ಚಿ, ಕಾಲು ಬಲ ಕಳೆದುಕೊಂಡರೆ, ತೊಡೆಸಂದು ಜೋಮು ಹಿಡಿದರೆ, ಮಲಮೂತ್ರದ ಹಿಡಿತ ಹಠಾತ್ತನೆ ತಪ್ಪಿದರೆ ಅದು ಬೆನ್ನುಹುರಿ ಅದುಮಿದ ಲಕ್ಷಣವಿರಬಹುದು. ಗುಂಪಿನಲ್ಲಿ ಕೇಳುತ್ತ ಕೂರದೆ ಆ ಗಳಿಗೆಯಲ್ಲೇ ತುರ್ತು ಚಿಕಿತ್ಸೆಗೆ ಹೋಗಬೇಕು, ಗಂಟೆಗಳ ತಡವೂ ಕಾಲನ್ನು ಕಸಿಯಬಹುದು. ಕೀಮೋ ನಡೆಯುವಾಗ ಜ್ವರ ಬಂದರೂ ಹಾಗೆಯೇ. ಮೂತ್ರ ಪೂರ್ತಿ ಕಟ್ಟಿದರೂ ಹಾಗೆಯೇ.

ಮನಸ್ಸಿನದೂ ಅಷ್ಟೇ ತುರ್ತು. ಕ್ಯಾನ್ಸರ್ ಎಂದು ತಿಳಿದ ಮೊದಲ ಕೆಲವು ತಿಂಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುತ್ತದೆ. ಹಾರ್ಮೋನ್ ಚಿಕಿತ್ಸೆಯಿಂದ ಖಿನ್ನತೆಯೂ ಬರಬಹುದು. ಎರಡು ವಾರ ಬಿಡದೆ ನಿದ್ದೆ, ಊಟ, ಆಸಕ್ತಿ ಕೆಟ್ಟಿದ್ದರೆ ಅನುಭವಸ್ಥರ ಜೊತೆಗೆ ಮನೋವೈದ್ಯರೂ ಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವಂತಿಲ್ಲ. ಅಂದೇ ಡಾಕ್ಟರಿಗೆ, ಇಲ್ಲವೇ ತುರ್ತು ಸಹಾಯವಾಣಿಗೆ ಫೋನ್ ಮಾಡಬೇಕು. ಮನೆಯಲ್ಲೊಬ್ಬರಿಗೆ ಬಾಯಿಬಿಟ್ಟು ಹೇಳಬೇಕು. ಆ ರಾತ್ರಿ ಒಬ್ಬರೇ ಇರಬಾರದು. ಗುಂಪಿನಲ್ಲಿ ಬೇರೆ ಯಾರಾದರೂ ಅಂಥ ಮಾತು ಬರೆದರೆ ಸಮಾಧಾನ ಹೇಳಿ ಸುಮ್ಮನಾಗಬೇಡಿ. ನಡೆಸುವವರಿಗೆ ತಕ್ಷಣ ತಿಳಿಸಿ, ನಂಬರಿದ್ದರೆ ನೀವೇ ಫೋನ್ ಮಾಡಿ, ಹತ್ತಿರದಲ್ಲಿ ಯಾರಿದ್ದಾರೆಂದು ಕೇಳಿ, ಅವರು ಬಂದು ಸೇರುವವರೆಗೆ ಫೋನ್ ಇಡಬೇಡಿ.